ಫೇರ್ ಡೀಲ್: ನರ್ಸಿಂಗ್ ಹೋಮ್ ಖರ್ಚಿಗೆ ಜಮೀನಿನ ಲೆಕ್ಕ

ಐರ್ಲೆಂಡ್‌ನಲ್ಲಿ ಹಿರಿಯರು ಮನೆ ಬಿಟ್ಟು ನರ್ಸಿಂಗ್ ಹೋಮ್‌ನಲ್ಲೇ ಉಳಿಯಬೇಕಾಗಿ ಬಂದಾಗ, ಖರ್ಚಿನಲ್ಲಿ ಒಂದು ಪಾಲನ್ನು ಅವರು ಕಟ್ಟುತ್ತಾರೆ, ಉಳಿದದ್ದನ್ನು ಸರ್ಕಾರ ಕೊಡುತ್ತದೆ. ಈ ಯೋಜನೆಗೆ ಜನರ ಬಾಯಲ್ಲಿರುವ ಹೆಸರು ‘ಫೇರ್ ಡೀಲ್’. ಅರ್ಜಿಯಲ್ಲಿ ಕಾಣುವ ಹೆಸರು ನರ್ಸಿಂಗ್ ಹೋಮ್ಸ್ ಸಪೋರ್ಟ್ ಸ್ಕೀಮ್. 2009ರಲ್ಲಿ ಶುರುವಾದ ಇದನ್ನು ನಡೆಸುವುದು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಎಚ್‌ಎಸ್‌ಇ.

ಹಿರಿಯರ ಪಾಲು ಎಷ್ಟು? ಒಂಟಿಯಾಗಿದ್ದರೆ ಆದಾಯದ ಶೇ 80, ಅದರ ಜೊತೆಗೆ ಆಸ್ತಿಯ ಬೆಲೆಯ ಶೇ 7.5, ಪ್ರತಿ ವರ್ಷ. ಗಂಡ ಹೆಂಡತಿಯಲ್ಲಿ ಒಬ್ಬರು ಮಾತ್ರ ಸೇರಿದರೆ ಇದರ ಅರ್ಧ. ಆಸ್ತಿಯಲ್ಲಿ ಮೊದಲ 36,000 ಯೂರೋ ಲೆಕ್ಕಕ್ಕೆ ಬರುವುದಿಲ್ಲ, ದಂಪತಿಗಾದರೆ 72,000. ಒಟ್ಟು ಬಿಲ್ಲಿಗಿಂತ ಜಾಸ್ತಿ ಯಾರೂ ಕಟ್ಟಬೇಕಾಗಿಲ್ಲ.

ವಾಸದ ಮನೆಗೆ ಮೊದಲಿನಿಂದಲೂ ಒಂದು ರಿಯಾಯಿತಿ ಇದೆ. ಮೂರು ವರ್ಷ ಲೆಕ್ಕ ಹಾಕುತ್ತಾರೆ, ಆಮೇಲೆ ಬಿಡುತ್ತಾರೆ. ಅಂದರೆ ಮನೆಯ ಬೆಲೆಯಲ್ಲಿ ಹೆಚ್ಚೆಂದರೆ ಶೇ 22.5 ಹೋಗುತ್ತದೆ. ಜಮೀನಿಗೆ, ಮನೆತನದ ಅಂಗಡಿಗೆ ಈ ಮಿತಿ ಇರಲಿಲ್ಲ. ದಿಢೀರ್ ಕಾಯಿಲೆಯೋ ಅಂಗವಿಕಲತೆಯೋ ಬಂದು ಸೇರಿದವರಿಗೆ ಮಾತ್ರ ಸಿಗುತ್ತಿತ್ತು. ಮರೆವಿನ ಕಾಯಿಲೆಯಿಂದ ನಿಧಾನವಾಗಿ ಕುಗ್ಗಿದವರಿಗೆ ಇಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಒಬ್ಬಂಟಿ ರೈತನ ಜಮೀನು 5 ಲಕ್ಷ ಯೂರೋ ಬಾಳುತ್ತದೆ ಅಂದುಕೊಳ್ಳಿ. ಆ 36,000 ಯೂರೋ ವಿನಾಯಿತಿ ಅವರ ಉಳಿತಾಯದ ದುಡ್ಡಿಗೇ ಮುಗಿದಿದೆ. ಆಗ ಜಮೀನಿನ ಲೆಕ್ಕದಲ್ಲೇ ವರ್ಷಕ್ಕೆ 37,500 ಯೂರೋ. ಹತ್ತಿಪ್ಪತ್ತು ದನ ಕಟ್ಟಿಕೊಂಡ ಜಮೀನು ಅಷ್ಟು ದುಡಿಯುತ್ತದಾ? ಬೆಲೆ ಇರುವುದು ನೆಲಕ್ಕೆ, ಕೈಯಲ್ಲಿ ಕಾಸಿರುವುದಿಲ್ಲ. ಆರು ವರ್ಷ ಕಟ್ಟಿದರೆ 2,25,000 ಯೂರೋ, ಜಮೀನಿನ ಬೆಲೆಯ ಅರ್ಧಕ್ಕೆ ಹತ್ತಿರ. ಈಗಲೇ ಕೊಡಲಾಗದಿದ್ದರೆ ಸಾಲವಾಗಿ ಬರೆಸಿ, ಸತ್ತ ಮೇಲೆ ತೀರಿಸುವ ದಾರಿಯೂ ಇದೆ. ಆದರೆ ಆ ಸಾಲ ಜಮೀನಿನ ಮೇಲೇ ಕೂರುತ್ತದೆ, ತೀರಿಸುವವರು ಮಕ್ಕಳೇ ಅಲ್ವಾ?

ಐರಿಷ್ ರೈತರ ಸಂಘ ಐಎಫ್‌ಎ ವರ್ಷಗಟ್ಟಲೆ ಬೆನ್ನು ಹತ್ತಿದ್ದು ಇದಕ್ಕೇ. 2021ರ ತಿದ್ದುಪಡಿಯಿಂದ ಜಮೀನಿಗೂ ವ್ಯಾಪಾರಕ್ಕೂ ಮೂರು ವರ್ಷದ ಮಿತಿ ಬಂತು. ಸುಮ್ನೆ ಸಿಗುವುದಿಲ್ಲ. ಸಂಬಂಧಿಕರಲ್ಲಿ 18 ದಾಟಿದ ಒಬ್ಬರನ್ನು ಉತ್ತರಾಧಿಕಾರಿ ಎಂದು ಗೊತ್ತು ಮಾಡಬೇಕು. ಅವರು ಆರು ವರ್ಷ ಆ ಜಮೀನನ್ನೋ ಅಂಗಡಿಯನ್ನೋ ನಡೆಸುತ್ತೇನೆಂದು ಬರೆದುಕೊಡಬೇಕು. ನಡುವೆ ಕೈಬಿಟ್ಟರೆ ಉಳಿಸಿದ ದುಡ್ಡನ್ನು ಹಿಂದಿರುಗಿಸಬೇಕಾಗುತ್ತದೆ. ಜೊತೆಗೆ, ಆರೈಕೆಗೆ ಸೇರುವ ಮೊದಲಿನ ಐದು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಆ ಹಿರಿಯರೋ, ಅವರ ಸಂಗಾತಿಯೋ, ಉತ್ತರಾಧಿಕಾರಿಯೋ ಅದನ್ನು ನಡೆಸಿರಬೇಕು.

ಹಾಗಾದರೆ ಮೊದಲೇ ಮಗನ ಹೆಸರಿಗೆ ಬರೆದುಬಿಟ್ಟರೆ? ಅರ್ಜಿಗೆ ಮುಂಚಿನ ಐದು ವರ್ಷದೊಳಗೆ ಬರೆದುಕೊಟ್ಟದ್ದನ್ನು ಇನ್ನೂ ನಿಮ್ಮದೇ ಎಂದು ಲೆಕ್ಕ ಹಾಕುತ್ತಾರೆ. ಅದಕ್ಕೂ ಹಿಂದಿನದನ್ನು ಮುಟ್ಟುವುದಿಲ್ಲ. ಈ ಮಾತುಕತೆಯನ್ನು ಅಪ್ಪ ಗಟ್ಟಿಯಾಗಿರುವಾಗಲೇ ಆಡಬೇಕಾಗುವುದು ಇದರಿಂದಲೇ.

ತಿದ್ದುಪಡಿ ಒಳ್ಳೆಯದೇ, ಅದನ್ನು ಒಪ್ಪುತ್ತೇನೆ. ಆದರೆ ಮದುವೆಯಾಗದೆ ಉಳಿದ ರೈತರು ಅಲ್ಲಿ ಬಹಳ ಮಂದಿ. ಮೈಯಲ್ಲಿ ಶಕ್ತಿ ಇಲ್ಲದೆ ಏಳೆಂಟು ವರ್ಷದಿಂದ ಹೊಲವನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟವರು, ಮುಂದೆ ಮಾಡುವವರು ಮನೆಯಲ್ಲಿ ಇಲ್ಲದವರು. ಅವರಿಗೆ ಶೇ 7.5 ಇವತ್ತಿಗೂ ವರ್ಷವರ್ಷವೂ ಬೀಳುತ್ತದೆ. ದುಡಿದು ಸೋತವರನ್ನೇ ಹೀಗೆ ಹೊರಗಿಟ್ಟದ್ದು ನನಗೆ ನ್ಯಾಯ ಅನ್ನಿಸುವುದಿಲ್ಲ.