ಗೆದ್ದ ತಂಡವೂ ಊರು ಬಿಡುತ್ತದೆ: ಆಶ್‌ವಿಲ್‌ನಿಂದ ಒಕ್ಲಹೋಮಾ ಸಿಟಿಯವರೆಗೆ

ಪ್ರಶ್ನೆ: ನಮ್ಮ ದೇಶದ ಅಮ್‌ಜ್ಯೋತ್ ಸಿಂಗ್ ಆಡಿದ್ದ ಒಕ್ಲಹೋಮಾ ಸಿಟಿ ಬ್ಲೂ ಬಾಸ್ಕೆಟ್‌ಬಾಲ್ ತಂಡ ಹಿಂದೆ ಬೇರೆ ಊರುಗಳಲ್ಲಿತ್ತಂತೆ. ಸದಾ ಸೋಲುತ್ತಿದ್ದುದರಿಂದ ಅದನ್ನು ಊರಿಂದೂರಿಗೆ ಸಾಗಿಸಿದರೇ?

ಉತ್ತರ: ಪ್ರಶ್ನೆಯ ಮೊದಲರ್ಧ ಸರಿ, ಉಳಿದರ್ಧ ಪೂರ್ತಿ ತಪ್ಪು. 2017ರ ಜಿ ಲೀಗ್ ಆಯ್ಕೆ ಪ್ರಕ್ರಿಯೆಯಲ್ಲಿ ಈ ತಂಡ ಅಮ್‌ಜ್ಯೋತ್ ಅವರನ್ನು ಆರಿಸಿಕೊಂಡಂದಿನಿಂದ ಓದುಗರು ಇದನ್ನೇ ಕೇಳುತ್ತ ಬಂದಿದ್ದಾರೆ, ನಾನೂ ನಾಲ್ಕು ಸಾಲಿನಲ್ಲಿ ಉತ್ತರಿಸುತ್ತ ಬಂದಿದ್ದೇನೆ. ನಾಲ್ಕು ಸಾಲು ಸಾಲದೆಂಬುದು ಈಗ ಖಚಿತವಾಗಿರುವುದರಿಂದ ಈ ಸಲ ಪೂರ್ತಿ ಲೆಕ್ಕವನ್ನೇ ಒಪ್ಪಿಸುತ್ತೇನೆ.

ತಂಡದ ಹುಟ್ಟೂರು ಉತ್ತರ ಕ್ಯಾರೊಲೈನಾ ರಾಜ್ಯದ ಆಶ್‌ವಿಲ್. ಅಮೆರಿಕದ ಅಗ್ರ ಬಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎ ತನ್ನದೇ ಕಿರಿಯ ಲೀಗನ್ನು, ಅಂದರೆ ಇಂದಿನ ಜಿ ಲೀಗನ್ನು, 2001ರಲ್ಲಿ ಆರಂಭಿಸಿದಾಗ ಇದ್ದ ಎಂಟು ತಂಡಗಳಲ್ಲಿ ಇದೂ ಒಂದು. ಗುಡ್ಡಗಾಡಿನ ಊರಾದ್ದರಿಂದ ‘ಎತ್ತರ’ ಎಂಬ ಅರ್ಥ ಬರುವಂತೆ ಆಶ್‌ವಿಲ್ ಆಲ್ಟಿಟ್ಯೂಡ್ ಎಂದು ಹೆಸರಿಟ್ಟರು. 2005ರಲ್ಲಿ ಅದು ಒಕ್ಲಹೋಮಾ ರಾಜ್ಯದ ಟಲ್ಸಾ ನಗರಕ್ಕೆ ಹೋಯಿತು. ಆ ನಗರವನ್ನು ಹಾದುಹೋಗುವ ಪ್ರಸಿದ್ಧ 66ನೇ ಸಂಖ್ಯೆಯ ಹೆದ್ದಾರಿಯಿಂದಾಗಿ ಟಲ್ಸಾ 66ಅರ್ಸ್ ಎನಿಸಿಕೊಂಡಿತು, ನಡುವೆ ಕೆಲವು ವರ್ಷ ಟಲ್ಸಾದ ಹೊರವಲಯದ ಬಿಕ್ಸ್‌ಬಿಯಲ್ಲಿಯೂ ಆಡಿತು. 2014ರಲ್ಲಿ ಒಕ್ಲಹೋಮಾ ಸಿಟಿಗೆ ಬಂದು ‘ಬ್ಲೂ’ ಆಯಿತು. ಮೊದಲ ಎರಡು ಹೆಸರುಗಳು ಊರಿನಿಂದ ಬಂದವು. ಮೂರನೆಯದು ಒಕ್ಲಹೋಮಾ ಸಿಟಿಯದೇ ಎನ್‌ಬಿಎ ತಂಡವಾದ ಥಂಡರ್‌ನ ಅಂಗಿಯ ಬಣ್ಣದಿಂದ ಬಂದದ್ದು.

ಇನ್ನು ಸೋಲಿನ ಮಾತು. ಆಶ್‌ವಿಲ್ ತಂಡ ಊರು ಬಿಡುವ ಹೊತ್ತಿಗೆ ಲೀಗಿನ ಹಾಲಿ ಚಾಂಪಿಯನ್ ಆಗಿತ್ತು. ಅದೂ ಒಮ್ಮೆಯಲ್ಲ, ಜೋಯಿ ಮೇಯರ್ ಅವರ ತರಬೇತಿಯಲ್ಲಿ 2004 ಮತ್ತು 2005ರಲ್ಲಿ ಸತತವಾಗಿ ಎರಡು ಸಲ. 2004ರ ಫೈನಲ್‌ನಲ್ಲಿ ಅದು ಸೋಲಿಸಿದ್ದು ಅಲಬಾಮಾದ ಹಂಟ್ಸ್‌ವಿಲ್ ತಂಡವನ್ನು, 2005ರಲ್ಲಿ ಜಾರ್ಜಿಯಾದ ಕೊಲಂಬಸ್ ತಂಡವನ್ನು. ಆ ಎರಡು ಫೈನಲ್‌ಗಳನ್ನು ಆಡಿದ ಮೂರೂ ತಂಡಗಳು 2005ರಲ್ಲಿ ಒಟ್ಟಿಗೇ ಊರು ಬಿಟ್ಟವು: ಹಂಟ್ಸ್‌ವಿಲ್ ತಂಡ ಆಲ್ಬುಕರ್ಕಿಗೆ, ಕೊಲಂಬಸ್ ತಂಡ ಆಸ್ಟಿನ್‌ಗೆ, ಆಶ್‌ವಿಲ್ ತಂಡ ಟಲ್ಸಾಗೆ. ಸೋತವರನ್ನು ಓಡಿಸುವುದೇ ಪದ್ಧತಿಯಾಗಿದ್ದರೆ ಲೀಗಿನ ಅತ್ಯುತ್ತಮ ತಂಡಗಳೇ ಗಂಟುಮೂಟೆ ಕಟ್ಟುತ್ತಿದ್ದವೇ? ಇದಕ್ಕೂ ಹಿಂದಿನ ಚಾಂಪಿಯನ್ನರ ಪಾಡನ್ನು ನೋಡಿ. 2002ರಲ್ಲಿ ಮೊದಲ ಪ್ರಶಸ್ತಿ ಗೆದ್ದ ಗ್ರೀನ್‌ವಿಲ್ ತಂಡ 2003ರಲ್ಲಿ ಮುಚ್ಚಿಹೋಯಿತು. 2003ರಲ್ಲಿ ಗೆದ್ದ ಮೊಬೀಲ್ ತಂಡ ಗೆದ್ದ ವರ್ಷವೇ ಬಾಗಿಲು ಹಾಕಿತು. 2009ರಲ್ಲಿ ಗೆದ್ದ ಕೊಲರಾಡೊ ತಂಡವೂ ಟೆಕ್ಸಾಸ್‌ನ ಫ್ರಿಸ್ಕೊಗೆ ಹೋಗಿ ಟೆಕ್ಸಾಸ್ ಲೆಜೆಂಡ್ಸ್ ಆಯಿತು. ಪಂಜಾಬಿನ ಸತ್ನಾಮ್ ಸಿಂಗ್ ಆಡಿದ್ದು ಅದೇ ತಂಡದಲ್ಲಿ. ಇಷ್ಟು ಉದಾಹರಣೆಗಳ ನಂತರವೂ ‘ಆದರೂ ಸೋತಿದ್ದಕ್ಕೇ ಇರಬೇಕು’ ಎಂದು ಬರೆಯುವವರಿದ್ದಾರೆ. ದಯವಿಟ್ಟು ಈ ಇಸವಿಗಳನ್ನು ಇನ್ನೊಮ್ಮೆ ಓದಿ.

ಆಟದ ಫಲಿತಾಂಶಕ್ಕೂ ತಂಡದ ವಿಳಾಸಕ್ಕೂ ನೇರ ಸಂಬಂಧವಿಲ್ಲ ಎನ್ನಲು ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಕಂಠೀರವ ಒಳಾಂಗಣ ಕ್ರೀಡಾಂಗಣ ದೊರೆಯದೆ ನಮ್ಮ ಬೆಂಗಳೂರು ಬುಲ್ಸ್ ಕಬಡ್ಡಿ ತಂಡ ತನ್ನ ‘ತವರಿನ’ ಪಂದ್ಯಗಳನ್ನು 2017ರಲ್ಲಿ ನಾಗಪುರದಲ್ಲಿ, 2018ರಲ್ಲಿ ಪುಣೆಯಲ್ಲಿ ಆಡಿತು. ಪುಣೆಯಲ್ಲಿ ಆಡಿದ ಆ ಆವೃತ್ತಿಯಲ್ಲಿಯೇ ಅದು ಪ್ರಶಸ್ತಿ ಗೆದ್ದದ್ದು.

ಹಾಗಾದರೆ ಆಶ್‌ವಿಲ್ ತಂಡ ಹೋದದ್ದೇಕೆ? ಲೀಗಿನ ಮೊದಲ ಎಂಟೂ ತಂಡಗಳು ಅಮೆರಿಕದ ಆಗ್ನೇಯ ಭಾಗದ ಸಾಧಾರಣ ಗಾತ್ರದ ಊರುಗಳಲ್ಲಿದ್ದವು. ಎನ್‌ಬಿಎ ತಂಡಗಳು ಇಡೀ ದೇಶದಲ್ಲಿ ಹರಡಿಕೊಂಡಿರುವಾಗ ಅವುಗಳಿಗೆ ಆಟಗಾರರನ್ನು ಸಜ್ಜುಗೊಳಿಸುವ ಲೀಗು ಒಂದೇ ಮೂಲೆಯಲ್ಲಿದ್ದರೆ ಪ್ರಯೋಜನ ಕಡಿಮೆ. 2005ರಲ್ಲಿ ಆಗಿನ ಎನ್‌ಬಿಎ ಆಯುಕ್ತ ಡೇವಿಡ್ ಸ್ಟರ್ನ್ ಅವರು ಲೀಗನ್ನು 15 ತಂಡಗಳಿಗೆ ವಿಸ್ತರಿಸಿ, ಒಂದೊಂದನ್ನೂ ಎನ್‌ಬಿಎ ತಂಡಗಳೊಂದಿಗೆ ಜೋಡಿಸುವ ಯೋಜನೆಯನ್ನು ಮುಂದಿಟ್ಟರು. ಅದೇ ವರ್ಷ ಡೇವಿಡ್ ಕಾನ್ ನೇತೃತ್ವದ ಸೌತ್‌ವೆಸ್ಟ್ ಬಾಸ್ಕೆಟ್‌ಬಾಲ್ ಎಂಬ ಕಂಪನಿ ಮೇಲೆ ಹೇಳಿದ ಮೂರು ತಂಡಗಳನ್ನು ಕೊಂಡು, ಫೋರ್ಟ್ ವರ್ತ್‌ನಲ್ಲಿ ನಾಲ್ಕನೆಯದನ್ನು ಹೊಸದಾಗಿ ಕಟ್ಟಿ, ನಾಲ್ಕನ್ನೂ ಅಕ್ಕಪಕ್ಕದ ರಾಜ್ಯಗಳಲ್ಲಿ ನೆಲೆಗೊಳಿಸಿತು. ಕೊಂಡವರು ನೋಡಿದ್ದು ಭೂಪಟವನ್ನು, ಅಂಕಪಟ್ಟಿಯನ್ನಲ್ಲ.

ಎರಡನೆಯ ಸ್ಥಳಾಂತರದ ಕಾರಣ ಇನ್ನೂ ಸರಳ. 2008ರಲ್ಲಿ ಥಂಡರ್ ಟಲ್ಸಾ ತಂಡವನ್ನು ಕೊಂಡಿತು. ತನ್ನ ಕಿರಿಯ ತಂಡವನ್ನು ತಾನೇ ಕೊಂಡ ಎನ್‌ಬಿಎ ತಂಡಗಳಲ್ಲಿ, ಲೇಕರ್ಸ್ ಮತ್ತು ಸ್ಪರ್ಸ್ ನಂತರ ಇದೇ ಮೂರನೆಯದು. ಬೆಳಿಗ್ಗೆ ಕಿರಿಯ ತಂಡದೊಂದಿಗೆ ಅಭ್ಯಾಸ ಮಾಡಿದ ಆಟಗಾರ ಸಂಜೆ ಹಿರಿಯ ತಂಡಕ್ಕೆ ಬೇಕಾಗಬಹುದು. ಅವನು ಸುಮಾರು 170 ಕಿ.ಮೀ. ದೂರದ ಟಲ್ಸಾದಲ್ಲಿರುವುದಕ್ಕಿಂತ ಅದೇ ಊರಿನಲ್ಲಿದ್ದರೆ ತರಬೇತುದಾರರಿಗೂ ವೈದ್ಯರಿಗೂ ಅನುಕೂಲ.

ಅಮ್‌ಜ್ಯೋತ್ ಆಡುತ್ತಿದ್ದ ಕಾಲದಲ್ಲಿ ನಾನು ಬೆಳಗಿನ ಆರೂವರೆಗೆ, ಅಲ್ಲಿನ ಸಂಜೆ ಏಳಕ್ಕೆ, ಮೊಬೈಲಿನಲ್ಲಿ ಈ ಪಂದ್ಯಗಳನ್ನು ನೋಡುತ್ತಿದ್ದೆ. ಬೂಟುಗಳು ಮರದ ನೆಲಕ್ಕೆ ಉಜ್ಜುವ ಸದ್ದು, ಬದಿಯಲ್ಲಿ ನಿಂತ ತರಬೇತುದಾರ ಆಟಗಾರರನ್ನು ಹೆಸರು ಹಿಡಿದು ಕೂಗುವುದು, ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು. ಹಿಂದಿನ ವಾರ ಮನಸೆಳೆದಿದ್ದ ಆಟಗಾರ ಈ ವಾರ ಕಾಣದಿದ್ದರೆ ಅವನನ್ನು ಯಾವುದೋ ಎನ್‌ಬಿಎ ತಂಡ ಕರೆಸಿಕೊಂಡಿದೆ ಎಂದೇ ಹಲವು ಸಲ ಅರ್ಥ. ಇಲ್ಲಿನ ಹೆಚ್ಚಿನ ಆಟಗಾರರ ಒಪ್ಪಂದ ಇರುವುದು ಲೀಗಿನೊಂದಿಗೆ. ಚೆನ್ನಾಗಿ ಆಡಿದವನನ್ನು ಬೇರೆ ಊರಿನ ಎನ್‌ಬಿಎ ತಂಡವೂ ಋತುವಿನ ನಡುವೆಯೇ ಕರೆದೊಯ್ಯಬಹುದು. ಆಟಗಾರನನ್ನು ಮೇಲಕ್ಕೆ ಕಳಿಸಿಕೊಡುವುದೇ ಈ ಲೀಗಿನ ಕೆಲಸವಾದ್ದರಿಂದ ಪ್ರಶಸ್ತಿ ಗೆದ್ದ ಮಾತ್ರಕ್ಕೆ ತಂಡಕ್ಕೆ ಊರಿನಲ್ಲಿ ಬೇರು ಬಿಡುವುದಿಲ್ಲ. ಪ್ರೇಕ್ಷಕರಿಗೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ. ತಂಡ ಎಲ್ಲಿರಬೇಕೆಂಬ ತೀರ್ಮಾನ ಮಾತ್ರ ಒಡೆತನ, ದೂರ, ಕ್ರೀಡಾಂಗಣ ಇವುಗಳ ಸುತ್ತಲೇ ಆಗುತ್ತದೆ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಊರು ಬಿಟ್ಟ ತಂಡದ ಹಳೆಯ ಪ್ರಶಸ್ತಿಗಳು ಯಾರವು? ಬ್ಲೂ ತಂಡ 2024ರಲ್ಲಿ ಮೇನ್ ಸೆಲ್ಟಿಕ್ಸ್ ವಿರುದ್ಧ ಫೈನಲ್ ಗೆದ್ದಿತು. ಊರಿನ ಲೆಕ್ಕದಲ್ಲಿ ಅದು ಒಕ್ಲಹೋಮಾ ಸಿಟಿಯ ಮೊದಲ ಪ್ರಶಸ್ತಿ, ಫ್ರ್ಯಾಂಚೈಸಿಯ ಲೆಕ್ಕದಲ್ಲಿ ಮೂರನೆಯದು. ಥಂಡರ್ ತಂಡದ್ದೂ ಇದೇ ಕಥೆ. 2008ರವರೆಗೆ ಅದು ಸಿಯಾಟಲ್‌ನ ಸೂಪರ್‌ಸಾನಿಕ್ಸ್ ಆಗಿತ್ತು, 1979ರಲ್ಲಿ ಅಲ್ಲಿ ಚಾಂಪಿಯನ್ ಆಗಿತ್ತು. ತಂಡ ಹೊರಟಾಗ ಆದ ಒಪ್ಪಂದದಂತೆ ಹೆಸರು ಮತ್ತು ಬಣ್ಣ ಸಿಯಾಟಲ್‌ನ ಮುಂದಿನ ತಂಡಕ್ಕೆಂದು ಉಳಿದವು. 1979ರ ಟ್ರೋಫಿ ಕೂಡ ಆ ನಗರದಲ್ಲಿಯೇ ಉಳಿದು ವಸ್ತುಸಂಗ್ರಹಾಲಯ ಸೇರಿತು. ಹೀಗಾಗಿ 2025ರಲ್ಲಿ ಥಂಡರ್ ಎನ್‌ಬಿಎ ಪ್ರಶಸ್ತಿ ಗೆದ್ದಾಗಲೂ ಅದು ಮೊದಲನೆಯದೋ ಎರಡನೆಯದೋ ಎಂಬ ಚರ್ಚೆ ಎದ್ದಿತು.

ನನ್ನ ಮಟ್ಟಿಗೆ ಪ್ರಶಸ್ತಿ ಸಲ್ಲಬೇಕಾದದ್ದು ಅಂದು ಟಿಕೆಟ್ ಕೊಂಡು ಕುಳಿತಿದ್ದ ಊರಿನವರಿಗೆ. ಜೋಯಿ ಮೇಯರ್ ಬಳಿಕ ಟಲ್ಸಾದಲ್ಲಿಯೂ ಇದೇ ತಂಡಕ್ಕೆ ತರಬೇತುದಾರರಾದರು, ಆದರೆ ಆಶ್‌ವಿಲ್‌ನ ಪ್ರೇಕ್ಷಕರು ಅವರೊಂದಿಗೆ ಹೋಗಲಾಗಲಿಲ್ಲ. ಆದ್ದರಿಂದ ಚಾಂಪಿಯನ್ನರ ಪಟ್ಟಿಯನ್ನು ಬರೆದಿಟ್ಟುಕೊಳ್ಳುವ ಓದುಗರು 2004 ಮತ್ತು 2005ರ ಎದುರು ಆಶ್‌ವಿಲ್ ಎಂದೇ ಬರೆಯಿರಿ, ಅದನ್ನು ಒಕ್ಲಹೋಮಾ ಸಿಟಿ ಎಂದು ತಿದ್ದಬೇಡಿ.