ಕಲ್ಲಿನ ಮನೆಯ ವಯಸ್ಸು ಹೇಳಿದ ಮಳೆ

ಹಳೆಯ ಕಲ್ಲಿನ ಮನೆ ಕಂಡರೆ ಮೊದಲು ಬರುವ ಪ್ರಶ್ನೆ, ‘ಎಷ್ಟು ವರ್ಷದ್ದು ಇದು?’ ಕಲ್ಲನ್ನು ಕೇಳಿ ಪ್ರಯೋಜನ ಇಲ್ಲ. ಅದಕ್ಕೆ ಕೋಟಿಗಟ್ಟಲೆ ವರ್ಷ ವಯಸ್ಸಾಗಿರುತ್ತೆ. ನಿನ್ನೆ ಮೊನ್ನೆ ಯಾರೋ ಎತ್ತಿ ಗೋಡೆಗಿಟ್ಟಿದ್ದು ಅದಕ್ಕೆಲ್ಲಿ ನೆನಪಿರಬೇಕು!

ನಾನು ಹೇಳಹೊರಟಿರುವುದು ವೇಲ್ಸ್‌ನ ಒಂದು ರೈತರ ಮನೆಯ ಬಗ್ಗೆ. ಹೆಸರು ಲುಯಿನ್ ಕೆಲಿನ್. ವೆಲ್ಷ್ ಭಾಷೆಯಲ್ಲಿ ‘ಹಾಲಿ’ (holly) ಅನ್ನುವ ಮುಳ್ಳೆಲೆಯ ಗಿಡಗಳ ತೋಪು ಅಂತ ಅರ್ಥ. ಆ ಮೊದಲ ‘ಲ’ ನಮ್ಮ ಲ ಅಲ್ಲ, ಳ ಕೂಡ ಅಲ್ಲ. ನಾಲಿಗೆಯನ್ನು ‘ಲ’ಗೆ ಇಟ್ಟುಕೊಂಡು, ದನಿ ಹೊರಡಿಸದೆ ಪಕ್ಕದಿಂದ ಗಾಳಿ ಊದಬೇಕು. ಮನ್ಮತ್‌ಶೈರ್‌ನಲ್ಲಿ, ಬ್ಲ್ಯಾಕ್ ಮೌಂಟನ್ಸ್ ಬೆಟ್ಟಸಾಲಿನ ಲಾಂಥೋನಿ ಕಣಿವೆಯಲ್ಲಿದೆ ಈ ಮನೆ. ಅಲ್ಲೇ ಸಿಗುವ ಕೆಂಪು ಮರಳುಗಲ್ಲಿನ ದಪ್ಪ ಗೋಡೆ, ಮೇಲೆ ಕಲ್ಲಿನ ಬಿಲ್ಲೆಗಳ ಹೊದಿಕೆ.

ಒಳಗಿನ ವಿನ್ಯಾಸ ಆ ಕಾಲದ ‘ಹಾಲ್ ಹೌಸ್’ ಮಾದರಿಯದು. ನಡುವೆ ಒಂದು ದೊಡ್ಡ ಪಡಸಾಲೆ, ನೆಲದಿಂದ ಮಾಡಿನ ತನಕ ಅಡ್ಡಿಯೇ ಇಲ್ಲ. ಪಡಸಾಲೆಯ ನೆಲದ ಮೇಲೇ ಬೆಂಕಿ. ಚಿಮಣಿ ಅನ್ನೋದು ಇಲ್ಲವೇ ಇಲ್ಲ, ಹೊಗೆ ತಾನಾಗಿ ಮೇಲೇರಿ ಮಾಡಿನ ಸಂದಿಗಳಲ್ಲಿ ಹೊರಗೆ ಹೋಗಬೇಕು, ಹೋಗೋ ತನಕ ಮನೆಮಂದಿ ಕಣ್ಣುಜ್ಜಿಕೊಂಡು ಕೂರಬೇಕು. ಒಂದು ತುದಿಯಲ್ಲಿ ಯಜಮಾನರ ಕೋಣೆ, ಇನ್ನೊಂದು ತುದಿಯಲ್ಲಿ ಕಾಳುಕಡ್ಡಿ, ಪಾನೀಯ ಇಡುವ ಉಗ್ರಾಣ. ಚಿಮಣಿ ಬಂದಿದ್ದು 17ನೇ ಶತಮಾನದ ಕೊನೆಗೆ. ಆಗಲೇ ಪಡಸಾಲೆಗೆ ಅಡ್ಡಲಾಗಿ ತೊಲೆ ಹಾಕಿ ಮಹಡಿ ಮಾಡಿಕೊಂಡರು.

ಸರಿ, ಕಟ್ಟಿದ್ದು ಯಾವಾಗ? ಬಾಗಿಲ ಕೆತ್ತನೆ, ತೊಲೆಯ ಅಂಚು ನೋಡಿ ಬಲ್ಲವರು ಅಂದಾಜು ಹೇಳಬಹುದು, ಆದರೆ ಅದು ಐವತ್ತು ವರ್ಷ ಆಚೀಚೆ ಆದರೂ ಆಶ್ಚರ್ಯವಿಲ್ಲ. ಖಚಿತವಾಗಿ ಬೇಕೆಂದರೆ ಮರವನ್ನೇ ಕೇಳಬೇಕು. ಓಕ್ ಮರ ವರ್ಷಕ್ಕೊಂದು ಉಂಗುರ ಬೆಳೆಸುತ್ತೆ. ಒಳ್ಳೆಯ ವರ್ಷ ಅಗಲ, ಕಷ್ಟದ ವರ್ಷ ಕಿರಿದು. ಈ ಅಗಲ-ಕಿರಿದಿನ ಸಾಲನ್ನು ಈಗಾಗಲೇ ಇಸವಿ ಗೊತ್ತಿರುವ ಮರಗಳ ಸಾಲಿನ ಪಕ್ಕ ಇಟ್ಟು ಜರುಗಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಸರಿಯಾಗಿ ಕೂರುತ್ತೆ. ತೊಗಟೆಯ ಅಂಚು ಉಳಿದಿದ್ದರೆ ಮರ ಕಡಿದ ವರ್ಷವೇ ಸಿಕ್ಕಿಬಿಡುತ್ತೆ. ಆಗಿನ ಬಡಗಿಗಳು ಓಕ್ ಅನ್ನು ಹಸಿಯಾಗಿದ್ದಾಗಲೇ ಬಳಸುತ್ತಿದ್ದರು, ಒಣಗಿದರೆ ಉಳಿಗೆ ಬಗ್ಗೋದಿಲ್ಲ. ಹಾಗಾಗಿ ಕಡಿದದ್ದಕ್ಕೂ ಕಟ್ಟಿದ್ದಕ್ಕೂ ಜಾಸ್ತಿ ಅಂತರ ಇರೋದಿಲ್ಲ.

ಲುಯಿನ್ ಕೆಲಿನ್‌ನಲ್ಲಿ ಈ ಉಪಾಯ ಕೈಕೊಟ್ಟಿತು. ವೇಲ್ಸ್‌ನಲ್ಲಿ ಮಳೆಗೆ ಬರವಿಲ್ಲ, ಚಳಿಯೂ ವಿಪರೀತ ಅಲ್ಲ. ಸುಖವಾಗಿ ಬೆಳೆದ ಮರದ ಉಂಗುರಗಳಲ್ಲಿ ಏರಿಳಿತ ಕಡಿಮೆ, ಹೊಂದಿಸೋಕೆ ಗುರುತೇ ಸಿಗೋದಿಲ್ಲ. ಕಷ್ಟ ಕಂಡ ಮರವೇ ಚರಿತ್ರೆಕಾರರಿಗೆ ಇಷ್ಟ, ಪಾಪ.

ಆಗ ಸ್ವಾನ್‌ಸೀ ವಿಶ್ವವಿದ್ಯಾಲಯದವರು ಇನ್ನೊಂದು ದಾರಿ ಹಿಡಿದರು. ಉಂಗುರದ ಅಗಲ ಬಿಟ್ಟು, ಅದರೊಳಗಿನ ಆಮ್ಲಜನಕ ನೋಡಿದರು. ನೀರಿನಲ್ಲಿ ಮಾಮೂಲಿ ಆಮ್ಲಜನಕದ ಜೊತೆ ಸ್ವಲ್ಪ ಭಾರದ್ದೂ ಇರುತ್ತೆ, ಆಕ್ಸಿಜನ್-18. ಒಣ ಬೇಸಿಗೆಯಲ್ಲಿ ಎಲೆಯಿಂದ ಹಗುರ ನೀರು ಬೇಗ ಆವಿಯಾಗುತ್ತೆ, ಭಾರದ್ದು ಹಿಂದೆ ಉಳಿದು ಮರದ ನಾರಿಗೆ ಸೇರುತ್ತೆ. ಮಳೆ ಜಡಿದ ಬೇಸಿಗೆಯಲ್ಲಿ ಭಾರದ ಪಾಲು ಕಡಿಮೆ. ಮರ ದಷ್ಟಪುಷ್ಟವಾಗಿರಲಿ, ಬಡಕಲಾಗಿರಲಿ, ಆ ಸೀಮೆಯ ಎಲ್ಲ ಮರಗಳೂ ಒಂದೇ ಲೆಕ್ಕ ಬರೆದಿಟ್ಟುಕೊಳ್ಳುತ್ತವೆ.

ಆದರೆ ಕೆಲಸ ನಾಜೂಕು. ತೊಲೆಗೆ ಸಣ್ಣ ರಂಧ್ರ ಕೊರೆದು ಪೆನ್ಸಿಲ್‌ನಂಥ ಕಡ್ಡಿ ತೆಗೆಯುತ್ತಾರೆ. ಒಂದೊಂದು ಉಂಗುರವನ್ನೂ ಬ್ಲೇಡಿನಲ್ಲಿ ಸೀಳಬೇಕು, ಅದರಲ್ಲೂ ಬೇಸಿಗೆಯಲ್ಲಿ ಬೆಳೆದ ಹೊರ ಭಾಗ ಮಾತ್ರ. ಯಾಕೆಂದರೆ ವಸಂತದಲ್ಲಿ ಓಕ್ ಹೋದ ವರ್ಷ ಕೂಡಿಟ್ಟಿದ್ದನ್ನೇ ಖರ್ಚು ಮಾಡಿ ಬೆಳೆಯುತ್ತೆ, ಅದು ಸೇರಿಬಿಟ್ಟರೆ ಎರಡು ವರ್ಷದ ಲೆಕ್ಕ ಕಲಸಿಹೋಗುತ್ತೆ.

ಈ ಲೆಕ್ಕವನ್ನು ಇಸವಿ ಗೊತ್ತಿರುವ ಮರಗಳ ಲೆಕ್ಕದ ಪಕ್ಕ ಇಟ್ಟು ಹೊಂದಿಸಿದಾಗ ಸಿಕ್ಕ ಉತ್ತರ 1420. ವೆಲ್ಷ್ ನಾಯಕ ಓವೈನ್ ಗ್ಲಿಂಡೂರ್ ಇಂಗ್ಲೆಂಡಿನ ರಾಜನ ವಿರುದ್ಧ ದಂಗೆ ಎದ್ದದ್ದು 1400ರಲ್ಲಿ. ಮುಂದಿನ ಹದಿನೈದು ವರ್ಷದ ಹತ್ತಿರ ವೇಲ್ಸ್ ಹೊತ್ತಿ ಉರಿಯಿತು. ಅದಕ್ಕಿಂತ ಹಿಂದಿನ ರೈತರ ಮನೆಗಳು ಉಳಿದಿರೋದೇ ಅಪರೂಪ. ಅಂಥ ನೆಲದಲ್ಲಿ, ಹೊಗೆ ಆರಿ ಐದಾರು ವರ್ಷವೂ ಆಗುವ ಮೊದಲೇ, ಯಾರೋ ದುಡ್ಡು ಸುರಿದು ಇಂಥ ಮನೆ ಎಬ್ಬಿಸಿದ್ದಾರೆ ಅಂದರೆ ಆ ಕಣಿವೆ ನಾವು ಅಂದುಕೊಂಡದ್ದಕ್ಕಿಂತ ಬೇಗ ಚೇತರಿಸಿಕೊಂಡಿತ್ತು ಅಂತ ನನಗನ್ನಿಸುತ್ತೆ.

ಬೀಳುವ ಸ್ಥಿತಿಗೆ ಬಂದಿದ್ದ ಮನೆಯನ್ನು, ಹಳೆಯ ಕಟ್ಟಡಗಳನ್ನು ಉಳಿಸುವ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಅನ್ನುವ ಸಂಸ್ಥೆ ಕೊಂಡು ರಿಪೇರಿ ಮಾಡಿಸಿ 2018ರಲ್ಲಿ ತೆರೆಯಿತು. ಈಗ ಬಾಡಿಗೆ ಕೊಟ್ಟು ಯಾರು ಬೇಕಾದರೂ ಉಳಿಯಬಹುದು. ಇಂಥ ಮನೆಗಳಲ್ಲಿ ಹಳೇ ಒಲೆಯ ಇಲ್ಲಣ ನೋಡಬೇಕೆಂದರೆ ಪಡಸಾಲೆಯಲ್ಲಿ ಹುಡುಕಬಾರದು. ಮಹಡಿ ಹತ್ತಿ, ಮಲಗುವ ಕೋಣೆಯಲ್ಲಿ ಮಂಚದ ಮೇಲೆ ಅಂಗಾತ ಬಿದ್ದುಕೊಂಡು ಮಾಡಿನ ತೊಲೆ ನೋಡಬೇಕು.