ಘಾಟಿ ಏರುವಾಗ ಮಾತ್ರ ಕಾರು ಮಿಸ್ ಹೊಡೆಯುವುದೇಕೆ?

ಪ್ರಶ್ನೆ: ನಮ್ಮ ಪೆಟ್ರೋಲ್ ಕಾರು ಊರೊಳಗೆ ಚೆನ್ನಾಗಿಯೇ ಓಡುತ್ತದೆ. ಘಾಟಿ ಏರುವಾಗ ಮಾತ್ರ ಜರ್ಕ್ ಹೊಡೆಯುತ್ತದೆ, ಚೆಕ್ ಇಂಜಿನ್ ಲೈಟ್ ಮಿನುಗುತ್ತದೆ. ಗ್ಯಾರೇಜಿನವರು ನಾಲ್ಕೂ ಇಗ್ನಿಷನ್ ಕಾಯಿಲ್ ಬದಲಿಸಬೇಕು ಅನ್ನುತ್ತಿದ್ದಾರೆ. ನಿಜಕ್ಕೂ ಬೇಕಾ?

ಉತ್ತರ: ಸಿಲಿಂಡರಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವ ತನಕ ಬೇಡ. ಆ ಕಿಡಿಗೆ ಬೇಕಾದ ಭಾರಿ ವೋಲ್ಟೇಜ್ ಒದಗಿಸುವುದು ಕಾಯಿಲ್; ನಾಲ್ಕೂ ಒಟ್ಟಿಗೆ ಕೆಡುವುದು ಅಪರೂಪ. ಹೆಚ್ಚಾಗಿ ಆಗುವುದೇನೆಂದರೆ, ಸವೆದ ಪ್ಲಗ್ಗೇ ಕಾಯಿಲನ್ನು ಹಾಳು ಮಾಡುತ್ತದೆ. ಹಳೇ ಪ್ಲಗ್ ಬಿಟ್ಟು ಹೊಸ ಕಾಯಿಲ್ ಹಾಕಿಸಿದರೆ ಅದಕ್ಕೂ ಅದೇ ಗತಿ.

ಕಾಯಿಲ್ ಒಳಗೆ ಒಂದೇ ಕಬ್ಬಿಣದ ತಿರುಳಿಗೆ ಎರಡು ಸುರುಳಿಗಳಿರುತ್ತವೆ. ಪ್ರೈಮರಿಯದು ದಪ್ಪ ತಂತಿ, ನೂರಿನ್ನೂರು ಸುತ್ತು. ಸೆಕೆಂಡರಿಯದು ಕೂದಲಿನಷ್ಟು ಸಣ್ಣ ತಂತಿ, ಸುತ್ತುಗಳು ಅದರ ನೂರು ಪಟ್ಟಿನಷ್ಟು. ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಪ್ರೈಮರಿಗೆ ಕೆಲವೇ ಮಿಲಿಸೆಕೆಂಡು 12 ವೋಲ್ಟ್ ಕೊಟ್ಟು, ಕರೆಂಟು 6-10 ಆಂಪಿಯರ್ ಮುಟ್ಟುತ್ತಲೇ ತಟ್ಟನೆ ಕಡಿಯುತ್ತದೆ. ಕಾಂತಕ್ಷೇತ್ರ ಕುಸಿಯುವ ಆ ಕ್ಷಣಕ್ಕೆ ಪ್ರೈಮರಿಯಲ್ಲೇ 300-400 ವೋಲ್ಟ್ ಏಳುತ್ತದೆ, ಸೆಕೆಂಡರಿಯಲ್ಲಿ ಅದು ಹತ್ತಾರು ಸಾವಿರವಾಗುತ್ತದೆ. ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ರೂಪಿಸಿ, 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಬ್ಯಾಟರಿ ಇಗ್ನಿಷನ್ ನಡೆದದ್ದೂ ಇದೇ ತತ್ತ್ವದ ಮೇಲೆ. ಆಗ ಕರೆಂಟು ಕಡಿಯುತ್ತಿದ್ದದ್ದು ಕಾಂಟ್ಯಾಕ್ಟ್ ಪಾಯಿಂಟ್, ಈಗ ಟ್ರಾನ್ಸಿಸ್ಟರ್.

ನಿಮ್ಮ ಪ್ರಶ್ನೆಯ ಗುಟ್ಟು ಇರುವುದು ಮುಂದಿನ ಹಂತದಲ್ಲಿ. ಕಾಯಿಲ್ ಪ್ರತಿ ಸಲವೂ 30,000 ವೋಲ್ಟ್ ಕೊಡುವುದಿಲ್ಲ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಂದು, ಅಂದರೆ ಗ್ಯಾಪ್, ಹಾರಲು ಎಷ್ಟು ಬೇಕೋ ಅಷ್ಟರವರೆಗೆ ಏರಿ, ಕಿಡಿ ಹಾರಿದೊಡನೆ ಇಳಿದುಬಿಡುತ್ತದೆ. ಐಡಲ್‌ನಲ್ಲಿ, ಅಂದರೆ ಕಾರು ನಿಂತು ಇಂಜಿನ್ ಮಾತ್ರ ಓಡುವಾಗ, ಸಿಲಿಂಡರಿನೊಳಗೆ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ಸುಮಾರು 10,000 ವೋಲ್ಟ್‌ಗೆ ಕೆಲಸ ಮುಗಿಯುತ್ತದೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದಾಗ ಸಿಲಿಂಡರ್ ತುಂಬ ಗಾಳಿ ಬಂದು ಬಿಗಿಯಾಗಿ ಅದುಮಿಕೊಳ್ಳುತ್ತದೆ. ಅದೇ ಗ್ಯಾಪ್ ಹಾರಲು ಈಗ 20,000 ವೋಲ್ಟಿಗೂ ಮೇಲೆ ಬೇಕು. 0.8 ಮಿ.ಮೀ. ಇರಬೇಕಾದ ಗ್ಯಾಪ್ ಸವೆದು 1.2 ಆಗಿದ್ದರೆ ಇನ್ನೂ ಹೆಚ್ಚು. ಗ್ಯಾಪ್ ದಾಟಲಾಗದ ವಿದ್ಯುತ್ತು ಸುಲಭದ ದಾರಿ ಹುಡುಕುತ್ತದೆ: ಕಾಯಿಲನ್ನು ಪ್ಲಗ್ಗಿಗೆ ಜೋಡಿಸುವ ರಬ್ಬರ್ ಬೂಟ್ ಸೀಳಿ ಹೊರಬರುತ್ತದೆ, ಇಲ್ಲವೇ ಕಾಯಿಲ್ ಒಳಗಿನ ಇನ್ಸುಲೇಷನ್ನನ್ನೇ ತೂತು ಮಾಡುತ್ತದೆ. ಸಿಎನ್‌ಜಿಗೆ ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಹಾಗಾಗಿ ಸಿಎನ್‌ಜಿ ಕಾರಿನಲ್ಲಿ ಈ ತೊಂದರೆ ಮೊದಲು ಗ್ಯಾಸ್‌ನಲ್ಲೇ ಕಾಣುತ್ತದೆ.

ಲೈಟ್ ಮಿನುಗುವಾಗ ಕಾಲು ಸಡಿಲಿಸಿ, ಗೇರ್ ಇಳಿಸಿ, ನಿಧಾನವಾಗಿ ಹೋಗಿ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲು, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದರೊಳಗಿನ ಸೆರಾಮಿಕ್ಕನ್ನು ಕರಗಿಸಬಲ್ಲದು. ಆ ಖರ್ಚಿನ ಮುಂದೆ ಕಾಯಿಲಿನದು ಏನೂ ಅಲ್ಲ.

ಆಮೇಲೆ ಸ್ಕ್ಯಾನರ್ ಹಾಕಿಸಿ. ಪಿ0302 ಎಂಬ ದೋಷದ ಕೋಡ್ ಬಂದರೆ ಮಿಸ್ ಆಗುತ್ತಿರುವುದು, ಅಂದರೆ ಸರಿಯಾಗಿ ಉರಿಯದಿರುವುದು, ಎರಡನೇ ಸಿಲಿಂಡರ್. ಇಂಜಿನ್ ಆಫ್ ಮಾಡಿ, ಆರಿದ ಮೇಲೆ, ಎರಡನೆಯ ಮತ್ತು ಮೂರನೆಯ ಕಾಯಿಲನ್ನು ಬೂಟ್ ಸಮೇತ ಅದಲುಬದಲು ಮಾಡಿ, ಕೋಡ್ ಅಳಿಸಿ, ಅಂಥದ್ದೇ ಏರಿನಲ್ಲಿ ಓಡಿಸಿ. ಈಗ ಪಿ0303 ಬಂತೇ? ದೋಷ ಕಾಯಿಲ್‌ನದೋ ಬೂಟಿನದೋ. ಹಲವು ಕಾರುಗಳಿಗೆ ಬೂಟ್ ಬಿಡಿಯಾಗಿ ಸಿಗುತ್ತದೆ, ಮೊದಲು ಅದನ್ನು ವಿಚಾರಿಸಿ. ಪಿ0302 ಕದಲದಿದ್ದರೆ ಪ್ಲಗ್‌ಗಳನ್ನು ಅದಲುಬದಲು ಮಾಡಿ. ಆಗಲೂ ಕದಲದಿದ್ದರೆ ಇಂಜೆಕ್ಟರ್, ವೈರಿಂಗ್, ಕಂಪ್ರೆಷನ್ ನೋಡಿಸಬೇಕು. ಎರಡು ಸಿಲಿಂಡರಿಗೆ ಒಂದೇ ಕಾಯಿಲ್ ಇರುವ ಕಾರಿನಲ್ಲಿ 1 ಮತ್ತು 4 ಒಟ್ಟಿಗೆ ಮಿಸ್ ಆದರೆ ಅವೆರಡಕ್ಕೂ ಸೇರಿದ ಕಾಯಿಲ್ ಮೇಲೇ ಮೊದಲ ಅನುಮಾನ. ಇಂಜಿನ್ ಓಡುತ್ತಿರುವಾಗ ಕಾಯಿಲ್ ಕಿತ್ತು ಪರೀಕ್ಷಿಸುವ ಅಭ್ಯಾಸ ಮಾತ್ರ ಬೇಡವೇ ಬೇಡ. ಅದು ಜೀವಕ್ಕೂ ಅಪಾಯ, ಕಾಯಿಲ್‌ಗೂ ಕೇಡು.

ಬಿಚ್ಚಿದ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಗೀಚಿದಂಥ ಸಣ್ಣ ಕಪ್ಪು ಗೆರೆ ಉದ್ದಕ್ಕೆ ಇಳಿದಿದ್ದರೆ ಕರೆಂಟು ಹರಿದ ದಾರಿ ಅದೇ. ಪ್ಲಗ್ಗನ್ನೂ ಬೂಟನ್ನೂ ಜೊತೆಗೇ ಬದಲಿಸಿ; ಒಂದನ್ನು ಉಳಿಸಿದರೆ ಅದರ ಗೆರೆ ಇನ್ನೊಂದರ ಮೇಲೂ ಮೂಡುತ್ತದೆ. ಲೋಹದ ಅಂಚಿಗೆ ತಾಗಿ ಸುತ್ತಲೂ ಕಾಣುವ ಕಾಫಿ ಬಣ್ಣದ ಕಲೆ ಬೇರೆ, ಅದಕ್ಕೆ ಹೆದರಬೇಕಿಲ್ಲ. ಪ್ಲಗ್ ಕೂರುವ ಗುಂಡಿಯಲ್ಲಿ ಎಣ್ಣೆಯಿದ್ದರೆ ವಾಲ್ವ್ ಕವರಿನ ಸೀಲ್ ಹೋಗಿದೆ. ನೀರಿದ್ದರೆ ವಾಟರ್ ಸರ್ವಿಸಿನಲ್ಲಿ ಇಂಜಿನ್ ಮೇಲೆ ಪೈಪ್ ಬಿಟ್ಟಿರುವ ಸಾಧ್ಯತೆ ಹೆಚ್ಚು. ಇವನ್ನು ಸರಿಪಡಿಸದೆ ಹೊಸ ಬೂಟ್ ಹಾಕಿ ಪ್ರಯೋಜನವಿಲ್ಲ.

ಹೊಸ ಪ್ಲಗ್ ಹಾಕುವ ಮುನ್ನ ಗುಂಡಿಯ ಧೂಳನ್ನು ಗಾಳಿ ಹೊಡೆದು ತೆಗೆಯಿರಿ. ಗ್ಯಾಪ್ ಎಷ್ಟಿರಬೇಕೆಂದು ಕಾರಿನ ಕೈಪಿಡಿಯಲ್ಲಿರುತ್ತದೆ. ಇರಿಡಿಯಂ ಪ್ಲಗ್ಗಿನ ನಡುವಿನ ಸಣ್ಣ ತುದಿಗೆ ಗ್ಯಾಪ್ ಅಳೆಯುವ ಗೇಜ್ ಒತ್ತಿದರೆ ಅದು ಮುರಿಯಬಹುದು, ಜೋಪಾನ. ಥ್ರೆಡ್ ಕೂರುವವರೆಗೆ ಬರಿಗೈಯಲ್ಲೇ ತಿರುಗಿಸಿ. ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಇಲ್ಲದಿದ್ದರೆ, ವಾಷರ್ ಇರುವ ಹೊಸ 14 ಮಿ.ಮೀ. ಪ್ಲಗ್ ಕೈಬಿಗಿಯಾದ ಮೇಲೆ ಅರ್ಧ ಸುತ್ತು ಸಾಕು. ವಾಷರ್ ಇಲ್ಲದ ಮೊನಚು ಸೀಟಿನ ಪ್ಲಗ್ಗಿಗೆ ಸುತ್ತಿನ ಹದಿನಾರನೇ ಒಂದು ಭಾಗವಷ್ಟೇ.